ನಾನು ಕತ್ತರಿಸಿದ ಸಾಲು

ಹೋದ ವಾರ ನಮ್ಮ ಶಾಲೆಗೆ ಫಿನಾಯಿಲ್ ಡಬ್ಬಿ ಬಂತು. ಮುಚ್ಚಳ ತೆಗೆದದ್ದೇ ತಡ, ಘಾಟು ಮೂಗಿಗೆ ಹತ್ತಿ ದನದ ಡಾಕ್ಟರ ಚೀಲ ಕಣ್ಣ ಮುಂದೆ ಬಂತು. ಅವರ ಖಾಕಿ ಚೀಲಕ್ಕೆ ಸದಾ ಇದೇ ವಾಸನೆ. ಬಸ್ಸಿನಲ್ಲಿ ಅವರ ಪಕ್ಕ ಕೂತು ಬಂದರೆ ಕುಷ್ಟಗಿಯಲ್ಲಿ ಇಳಿದ ಮೇಲೂ ಅದು ನನ್ನ ಅಂಗಿಯಲ್ಲಿ ಉಳಿದಿರುತ್ತಿತ್ತು. ಅವರು ತೀರಿಕೊಂಡು ಎರಡು ವರ್ಷವಾಯಿತು. ಮುಚ್ಚಳ ಹಾಕಿ ಏಳನೇ ತರಗತಿಗೆ ಪಾಠ ಮಾಡಲು ಹೋದೆ...

ಊರೆಲ್ಲ ಡಾಕ್ಟ್ರು ಎನ್ನುತ್ತಿತ್ತು, ಆದರೆ ಅವರು ಡಾಕ್ಟರಿಕೆ ಓದಿದವರಲ್ಲ. ಪಶು ಆಸ್ಪತ್ರೆಯಲ್ಲಿ ಜಾನುವಾರು ಪರೀಕ್ಷಕರಾಗಿದ್ದು ನಿವೃತ್ತಿಯಾದವರು. ಮನೆಯಲ್ಲಿ ಸುಮ್ಮನೆ ಕೂಡಲಾಗದೆ, ಕುಷ್ಟಗಿ, ಯಲಬುರ್ಗಾ ಕಡೆಯ ಕುರಿ-ದನ ಸಾಕುವವರನ್ನೆಲ್ಲ ಸೇರಿಸಿ ಮೊಬೈಲಿನಲ್ಲಿ ಒಂದು ಗ್ರೂಪು ಮಾಡಿದರು. ಅದನ್ನು ನೋಡಿಕೊಳ್ಳಲು ನನ್ನನ್ನೂ ಜೊತೆಗೆ ಹಾಕಿಕೊಂಡರು. ಕುರಿ ಯಾವುದು ಆಡು ಯಾವುದು ಎಂದು ಗೊತ್ತಾಗುವಷ್ಟೇ ನನ್ನ ಪಾಂಡಿತ್ಯ. ಆದರೆ ಮೊಬೈಲಿನಲ್ಲಿ ಕನ್ನಡ ಒತ್ತುವುದರಲ್ಲಿ ನನ್ನ ಕೈ ಚುರುಕಾಗಿತ್ತು.

ಶುರುವಿನಲ್ಲಿ ಆ ಗ್ರೂಪು ಶುಕ್ರವಾರದ ಸಂತೆಯೇ ಆಗಿತ್ತು. ಒಬ್ಬ ಎಮ್ಮೆ ಮೆಲುಕು ಹಾಕುತ್ತಿಲ್ಲ ಎಂದು ಬರೆದರೆ, ಇನ್ನೊಬ್ಬ ಹೋತದ ಕಾಲು ಬಾತಿದೆ ಎಂದು ಫೋಟೊ ಹಾಕುತ್ತಿದ್ದ, ನಡುವೆ ಹತ್ತು ಶುಭೋದಯದ ಗುಲಾಬಿ. ಕೆಳಗೆ ಯಾರೋ "ಕೊಡ್ರಿ, ಏನೂ ಆಗಂಗಿಲ್ಲ" ಎಂದಿರುತ್ತಿದ್ದರು. ಎಮ್ಮೆಗೋ, ಹೋತಕ್ಕೋ, ಗುಲಾಬಿಗೋ, ದೇವರೇ ಬಲ್ಲ. ಡಾಕ್ಟರು ಒಂದು ಶಿಸ್ತು ತಂದರು. ಉತ್ತರ ಕೊಡುವವರು ಮೊದಲು ಕೇಳಿದವರ ಹೆಸರು, ಅವರ ಮಾತಿನಲ್ಲಿ ತಾವು ಉತ್ತರಿಸುವ ಸಾಲು ಅಷ್ಟನ್ನೇ ಎತ್ತಿ ಮೇಲೆ ಹಾಕಬೇಕು. ಉತ್ತರ ಅದರ ಕೆಳಗೆ. ಓದು ಬಾರದ ಹೆಣ್ಣುಮಕ್ಕಳು ಧ್ವನಿಯಲ್ಲೇ ಕೇಳುತ್ತಿದ್ದರು. ಅದನ್ನು ಪೂರಾ ಕೇಳಿಸಿಕೊಂಡು, ಒಂದು ಸಾಲಿಗೆ ಇಳಿಸಿ ಬರೆದೇ ಉತ್ತರ ಹೇಳಬೇಕು. ಯಾರಾದರೂ ಉದ್ದನೆಯ ಬರಹವನ್ನು ಇದ್ದಂತೆ ಎತ್ತಿ ತಂದು ಕೆಳಗೆ 'ಹೌದು' ಎಂದಷ್ಟೇ ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು.

"ಒಂದು ಹೌದು ಹೇಳಾಕ ಇಡೀ ಬಣವಿ ಹೊತ್ಕೊಂಡು ಬರ್ತೀರೇನ್ರಿ?" ಎಂದು ಬರೆಯುತ್ತಿದ್ದರು. ಇನ್ನೊಂದು ಮಾತನ್ನೂ ಹೇಳುತ್ತಿದ್ದರು: "ಕತ್ತರಸ್ರಿ, ಬ್ಯಾಡ ಅನ್ನಂಗಿಲ್ಲ. ಹೇಳಿದಾವನ ಮಾತಿನ ಅರ್ಥಾ ಕತ್ತರಸಬ್ಯಾಡ್ರಿ."

ಈ ವಿದ್ಯೆಯಲ್ಲಿ ನಾನು ಅವರ ಪಟ್ಟಶಿಷ್ಯ. 'ಕತ್ರಿ ಮಾಸ್ತರ್' ಎಂದು ಎಲ್ಲರೆದುರು ನಗುತ್ತ ಕರೆಯುತ್ತಿದ್ದರು. ನಾನು ಉಬ್ಬಿ ಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಒಂದು ಬೇಸಿಗೆಯಲ್ಲಿ ಅವರು ಕಣ್ಣಿನ ಪೊರೆ ತೆಗೆಸಲು ಕೊಪ್ಪಳಕ್ಕೆ ಹೋದರು. ಒಂದು ವಾರ ಮೊಬೈಲು ನೋಡುವಂತಿರಲಿಲ್ಲ. "ಗೊತ್ತಿಲ್ಲದ್ದು ಬಂದ್ರ ನಾ ಬರೂ ಮಟಾ ತಡೀರಿ ಅಂತ ಹೇಳ್ರಿ ಮಾಸ್ತರ್" ಎಂದು ಹೇಳಿ ಹೋಗಿದ್ದರು.

ಮರುದಿನವೇ ಯಲಬುರ್ಗಾ ಕಡೆಯ ಒಬ್ಬ ಹೆಣ್ಣುಮಗಳ ಧ್ವನಿ ಬಂತು. ಕುರಿ ಸೊರಗಿವೆ, ಹಿಕ್ಕೆಯಲ್ಲಿ ಹುಳ ಬೀಳುತ್ತಿವೆ, ಯಾವ ಔಷಧ ಹಾಕಲಿ ಎಂದು. ಆಕೆಗೆ ಇದ್ದದ್ದು ಹತ್ತು ಕುರಿ, ಮನೆಯ ಬದುಕೆಲ್ಲ ಅವುಗಳ ಮೇಲೆ. ಆಕೆಯ ಮಾತನ್ನು ಒಂದು ಸಾಲಿಗೆ ಇಳಿಸಿದೆ. ಹಿಂದಿನ ತಿಂಗಳು ಇಂಥದೇ ಪ್ರಶ್ನೆಗೆ ಡಾಕ್ಟರು ಉದ್ದಕ್ಕೆ ಉತ್ತರ ಬರೆದಿದ್ದು ನೆನಪಾಯಿತು. ಹುಡುಕಿದೆ, ಸಿಕ್ಕಿತು. ಮೊದಲ ಸಾಲಿನಲ್ಲಿ ಔಷಧದ ಹೆಸರು, ಅಳತೆ. ಆಮೇಲೆ ಯಾವ ಹೊತ್ತು, ಹೇಗೆ ಕುಡಿಸಬೇಕು ಎಂಬ ವಿವರ. ಕೊನೆಗೆ, 'ಗಬ್ಬದ ಕುರಿಗೆ ಇದನ್ನು ಹಾಕಬಾರದು.'

ಮೊದಲ ಸಾಲು ಎತ್ತಿಕೊಂಡೆ. ಮೇಲೆ 'ಡಾಕ್ಟರು ಹೇಳಿದ್ದು' ಎಂದು ಹಾಕಿ ಗ್ರೂಪಿಗೆ ಕಳಿಸಿದೆ. ಉಳಿದದ್ದು ಬಣವಿ ಎಂದು ಬಿಟ್ಟೆ. ಊಟದ ಗಂಟೆ ಮುಗಿಯುತ್ತಿತ್ತು... ಚೊಕ್ಕ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ತರಗತಿಗೆ ಹೋದೆ.

ಆಕೆ ಅದನ್ನು ಯಾರಿಂದಲೋ ಓದಿಸಿಕೊಂಡು ಹತ್ತೂ ಕುರಿಗೆ ಕುಡಿಸಿದಳು. ಆರು ಗಬ್ಬವಿದ್ದವಂತೆ. ವಾರ ತುಂಬುವುದರೊಳಗೆ ನಾಲ್ಕು ಕುರಿ ತಿಂಗಳು ತುಂಬದ ಸತ್ತ ಕಂದು ಹಾಕಿದವು. ಮತ್ತೆ ಆಕೆಯ ಧ್ವನಿ ಬಂತು, ಅಳುತ್ತ: "ಡಾಕ್ಟ್ರು ಹೇಳಿದ್ದ ಔಷಧಾನ ರೀ ನಾ ಹಾಕಿದ್ದು..." ಗ್ರೂಪಿನ ಜನ ಡಾಕ್ಟರ ಮೇಲೆ ತಿರುಗಿಬಿದ್ದರು. ವಯಸ್ಸಾಗಿದೆ, ಮರೆವು ಬಂದಿದೆ ಎಂದರು. ಪೂರ್ತಿ ಬರಹ ಅದೇ ಗ್ರೂಪಿನಲ್ಲಿ ಮೇಲೆಯೇ ಇತ್ತು. ಯಾರೂ ಹಿಂದಕ್ಕೆ ಸರಿದು ನೋಡಲಿಲ್ಲ. ನಾನೊಬ್ಬ ನೋಡಿದೆ. 'ಕತ್ತರಿಸಿದ್ದು ನಾನು' ಎಂದು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ನನ್ನ ಶಾಲೆಯ ಮಕ್ಕಳ ತಂದೆ-ತಾಯಂದಿರೂ ಅಲ್ಲಿದ್ದರು. ಊರಿಗೆಲ್ಲ ಬುದ್ಧಿ ಹೇಳುವ ಮಾಸ್ತರನಿಗೆ ತನ್ನ ಮರ್ಯಾದೆ ದೊಡ್ಡದಾಯಿತು.

ಡಾಕ್ಟರು ಬಂದು ಎಲ್ಲ ಓದಿದರು. ಅವತ್ತೂ ಶಿಸ್ತು ಬಿಡಲಿಲ್ಲ. 'ಡಾಕ್ಟ್ರು ಹೇಳಿದ್ದ ಔಷಧ' ಎಂಬ ಆಕೆಯ ಮಾತನ್ನು ಮೇಲೆ ಹಾಕಿ, ಕೆಳಗೆ ಬರೆದರು: 'ಹೌದು. ನಾನೇ ಹೇಳಿದ್ದು. ತಪ್ಪಾಗಿದೆ.' ಅವರದೇ ಹಳೆಯ ಬರಹದ ಕೊನೆಯ ಸಾಲನ್ನು ಎತ್ತಿ ಹಾಕಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಹಾಕಲಿಲ್ಲ. ಕತ್ತರಿಸಿದವರು ಯಾರೆಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ?

ಆಮೇಲೊಮ್ಮೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸಿಕ್ಕರು. ನಾನು ನೆಲ ನೋಡುತ್ತ ನಿಂತಿದ್ದೆ. ಅವರೇ ಅಂದರು, "ಗಬ್ಬದ ಮಾತು ಕೊನೀಗೆ ಬರದಿದ್ನಿ ನೋಡ್ರಿ ಮಾಸ್ತರ್. ಮದಲ ಬರೀಬೇಕಿತ್ತು ನಾನು."

"ಹೂಂ ರೀ ಸರ್," ಅಂದೆ.

ಹೂಂ ಅಂದೆ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಈಗಲೂ ಆ 'ಹೂಂ' ನೆನೆಸಿಕೊಂಡರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಅಲ್ಲಿಂದ ಮುಂದೆ ಅವರ ಪ್ರತಿ ಉತ್ತರದ ಮೊದಲ ಮಾತು 'ಯಾವುದಕ್ಕೆ ಕೊಡಬಾರದು' ಎಂಬುದೇ ಆಗಿರುತ್ತಿತ್ತು. ಆದರೆ ಕೇಳುವವರು ಕಡಿಮೆಯಾದರು. ಜನ ಔಷಧದ ಅಂಗಡಿಯವನನ್ನು ಕೇಳತೊಡಗಿದರು. ಗ್ರೂಪಿನಲ್ಲಿ ಗುಲಾಬಿ ಮಾತ್ರ ಉಳಿಯಿತು. ಒಂದು ಬೆಳಿಗ್ಗೆ ಅವರ ಫೋಟೊಕ್ಕೆ ಹಾರ ಹಾಕಿದ ಚಿತ್ರ ಬಂತು, ಎದೆನೋವಂತೆ. ಎಲ್ಲರೂ ಓಂ ಶಾಂತಿ ಬರೆದರು, ನಾನೂ ಬರೆದೆ. ಅಳು ಬರಲಿಲ್ಲ. ಒಳಗೆ ಎಲ್ಲೋ ಮರಗಟ್ಟಿದಂತಿತ್ತು, ಚಿವುಟಿದರೂ ಗೊತ್ತಾಗದ ಹಾಗೆ. ಉಪ್ಪಿಟ್ಟು ತಿಂದು ಶಾಲೆಗೆ ಹೋದೆ. ಉಪ್ಪಿಟ್ಟು ರುಚಿಯಾಗಿಯೇ ಇತ್ತು.

ಮೊನ್ನೆ ಭಾನುವಾರ ಆ ಹೆಣ್ಣುಮಗಳ ಊರಿಗೆ ಹೋದೆ. ಫಿನಾಯಿಲಿನ ಆ ಘಾಟು ಇನ್ನೂ ಮೂಗಿನಿಂದ ಹೋಗಿರಲಿಲ್ಲ. ಆಕೆ ಕಟ್ಟೆಯ ಮೇಲೆ ಜೋಳ ಹಸನ ಮಾಡುತ್ತಿದ್ದಳು. ಯಾರೆಂದು ಹೇಳಿದೆ. ಡಾಕ್ಟರ ಆ ಬರಹವನ್ನು ಮೊಬೈಲಿನಲ್ಲಿ ತೆಗೆದು ಮೊದಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. "ಈ ಸಾಲು ಬಿಟ್ಟು ನಿಮಗೆ ಕಳಿಸಿದಾಂವ ನಾನ ಯಕ್ಕಾ. ಅವರದೇನೂ ತಪ್ಪಿರಲಿಲ್ಲ" ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ಹಗುರಾಗಬಹುದು ಎಂಬ ಆಸೆಯೂ ಇತ್ತೇನೋ. ಆಕೆಯ ಕೈ ಮೊರದ ಮೇಲೆ ನಿಂತುಬಿಟ್ಟಿತು.

"ಅವರು ಬಂದಿದ್ರು ರೀ ಇಲ್ಲಿಗೆ," ಅಂದಳು. "ಕಣ್ಣಿಗೆ ಕರೀ ಚಾಳೀಸ ಹಾಕ್ಕೊಂಡು, ಉರಿ ಬಿಸಲಾಗ. ತಪ್ಪು ನಂದ ಐತಿ ಯವ್ವಾ ಅಂದ್ರು. ಉಳದ ಕುರಿಗೆ ಸೂಜಿ ಮಾಡಿದ್ರು. ನಾ ಬಾಯಿಗೆ ಬಂದಂಗ ಬೈದ್ನಿ... ಕುಡ್ಯಾಕ ನೀರು ಸೈತ ಕೊಡಲಿಲ್ಲ."

ಮೊರ ಪಕ್ಕಕ್ಕಿಟ್ಟು ಕೇಳಿದಳು, "ಅವರು ಇದ್ದಾಗ ಹೇಳಬಾರದಿತ್ತೇನ್ರಿ ಮಾಸ್ತರ್? ನಾ ಹೋಗಿ ಅವರ ಕಾಲಾರ ಮುಟ್ಟತಿದ್ನಿ."

ಆಕೆ ಸೆರಗು ಬಾಯಿಗೆ ಹಚ್ಚಿಕೊಂಡು ಅತ್ತಳು. ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ನನಗೆ ಆಗಲೂ ಅಳು ಬರಲಿಲ್ಲ. ನಾವಿಬ್ಬರೂ ಕ್ಷಮೆ ಕೇಳಬೇಕಾದ ಮನುಷ್ಯ ಹೋಗಿ ಎರಡು ವರ್ಷವಾಗಿತ್ತು.