ಸುಂಕಲಮ್ಮನ ಸುಣ್ಣ ಕೆಂಪಾದದ್ದೇಕೆ?

ಇನ್ನೂ ಮಬ್ಬುಗತ್ತಲು. ಹೊನ್ನಾಳಿಯ ಷಣ್ಮುಖಪ್ಪನವರ ಮನೆಯ ಬಚ್ಚಲಲ್ಲಿ ಸುಂಕಲಮ್ಮ ಲಾಟೀನು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಮೊನ್ನೆ ಚಪ್ಪಡಿಗಳ ಸಂದಿಗೆ ತಾನೇ ತುಂಬಿದ ಹಾಲಿನಂಥ ಸುಣ್ಣ ಇವತ್ತು ಕೆಂಪಗಾಗಿದೆ. ಉಗುರಿಂದ ಕೆರೆಯುತ್ತಾಳೆ, ಮೂಸುತ್ತಾಳೆ. ಏನೂ ತಲೆಗೆ ಹೋಗುವುದಿಲ್ಲ.

"ಒಳಗೆ ಬಾಣಂತಿ ಮಲಗ್ಯಾಳೆ. ಕೂಸಿಗೆ ನೀರು ಹಾಕೋ ಜಾಗದಾಗೆ ಹಿಂಗೆ ರಕ್ತದ ಬಣ್ಣ ಬಂದ್ರೆ ಹೆಂಗೆ? ಸುಣ್ಣಕ್ಕೆ ಏನು ಬೆರೆಸಿದ್ದಿ?" ಮನೆಯೊಡತಿ ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತು ಕೇಳುತ್ತಾರೆ.

"ಮರಳು, ಬೆಲ್ಲದ ನೀರು. ಅಷ್ಟೇ ರೀ. ನಮ್ಮನೆಯವ್ರು ಕಲಿಸಿದ್ದು."

ಗಾರೆ ಕೆಲಸದ ಗಂಡ ತೀರಿಕೊಂಡ ಮೇಲೆ ಜಗಳೂರಿನಲ್ಲಿ ಇಪ್ಪತ್ತೆರಡು ವರ್ಷ ಇದೇ ಕಸುಬು ಮಾಡಿದವಳು, ಹೊನ್ನಾಳಿಗೆ ಬಂದದ್ದು ಈ ವರ್ಷ. ಎರಡನೇ ಮಹಾಯುದ್ಧ ಶುರುವಾದಾಗಿನಿಂದ ಸಿಮೆಂಟ್ ಕಣ್ಣಿಗೂ ಬೀಳುತ್ತಿಲ್ಲ. ಬಚ್ಚಲು ಕಿತ್ತು ಹೊಸದಾಗಿ ಹಾಸುವ ತಾಕತ್ತು ಎಷ್ಟು ಮನೆಗಿದೆ? ಇವಳಾದರೆ ಮೊಂಡು ಕುಡುಗೋಲಿನ ತುದಿಯಿಂದ ಸಂದಿನ ಕರೀ ಪಾಚಿ ಕೆರೆದು, ಬೂದಿ ಹಾಕಿ ತೆಂಗಿನ ನಾರಲ್ಲಿ ತಿಕ್ಕಿ, ಸುಣ್ಣ ತುಂಬುತ್ತಾಳೆ. ದಿನಕ್ಕೆ ಒಂದು ಬಚ್ಚಲು, ಎರಡು ಸೇರು ಸುಣ್ಣ. ಬೆರಳ ತುದಿಯಲ್ಲಿ ಚರ್ಮವೇ ನಿಲ್ಲುವುದಿಲ್ಲ, ಪಾಪ.

ಹೊತ್ತೇರುವಷ್ಟರಲ್ಲಿ ಕೆಂಪಿನ ಸುದ್ದಿ ಕೇರಿಯೆಲ್ಲ ಹಬ್ಬಿ, ಬರಹೇಳಿದ್ದ ಮೂರು ಮನೆಯವರೂ ಬೇಡ ಅಂದುಬಿಟ್ಟಿದ್ದಾರೆ. ಈ ಕೆಲಸವೂ ಕೈಬಿಟ್ಟರೆ ಹೊಸ ಊರಲ್ಲಿ ಹೊಟ್ಟೆಗೇನು ಗತಿ? "ಒಂದು ದಿನಾನೂ ಹಿಂಗಾಗಿರ್ಲಿಲ್ಲ. ಸುಣ್ಣ ಕೆಟ್ಟೈತೋ, ನನ್ನ ಕೈಗುಣ ಕೆಟ್ಟೈತೋ, ಒಂದೂ ತಿಳೀತಿಲ್ಲ," ಎನ್ನುತ್ತಾಳೆ. ಭಯವಾಗಿದೆ ಅವಳಿಗೆ.

ತಲೆ ಚಿಟ್ಟುಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಸವರಿ, ಅಡಕೆ ಸೇರಿಸಿ ಬಾಯಿಗಿಡುತ್ತಾಳೆ. ಎದುರಿಗೇ ಅಡಕೆ ಬೇಯುವ ಹಂಡೆ. ಷಣ್ಮುಖಪ್ಪನವರು ಚೊಗರು, ಅಂದರೆ ಅಡಕೆ ಬೆಂದ ಕಂದು ನೀರು, ಮೊಣಕೈವರೆಗೆ ಮೆತ್ತಿಕೊಂಡು ಎದ್ದು, ಕೈ ತೊಳೆಯಲು ನೇರ ಬಚ್ಚಲಿಗೆ ನಡೆಯುತ್ತಾರೆ. ಸುಂಕಲಮ್ಮ ಪಿಚಕ್ಕನೆ ಉಗಿದು, ಉಗಿದದ್ದನ್ನೇ ನೋಡುತ್ತ ಕೂರುತ್ತಾಳೆ. ಅದೇ ಕೆಂಪು.

"ನಿಮ್ಮ ಬಚ್ಚಲು ಎಲಡಿಕೆ ಹಾಕ್ಕಂಡೈತೆ ರೀ ಅಮ್ಮಾರೆ," ಎಂದು ಕೂಗುತ್ತಾಳೆ. "ಅಡಕೆ ನೀರು ಸುಣ್ಣಕ್ಕೆ ಬಿದ್ರೆ ಬಾಯಾಗೆ ಆದಂಗೆ ಕಲ್ಲಿನಾಗೂ ಆಗ್ತೈತೆ. ನಮ್ಮ ಕಡೆ ಅಡಕೆ ಬೇಯ್ಸೋರೇ ಇಲ್ಲ, ನಂಗೆ ಹೆಂಗೆ ಹೊಳೀಬೇಕು?"

ಅಂದಿನಿಂದ ಯಜಮಾನರ ಕೈ ತೊಳೆಯುವುದು ಬಾವಿಕಟ್ಟೆಗೆ ವರ್ಗವಾಗಿದೆ. ಕೆರೆದು ಮತ್ತೆ ತುಂಬಿದ ಸುಣ್ಣ ನಾಲ್ಕನೇ ದಿನಕ್ಕೂ ಬೆಳ್ಳಗಿದೆ. ಕೂಸಿನ ನೀರು ಮುಗಿಸಿ ಬಂದ ಸರ್ವಮಂಗಳಮ್ಮ, ತಪ್ಪು ಸುಣ್ಣದ್ದಲ್ಲ ಎಂದು ಆ ಮೂರು ಮನೆಗೂ ತಾವೇ ಹೋಗಿ ಹೇಳಿ ಬಂದಿದ್ದಾರೆ. ಅವತ್ತು ತಾವು ಅಂದ ಮಾತಿಗೆ ಮನಸ್ಸು ಚುಚ್ಚಿ, "ನಿಂಗೇನು ಬೇಕು ಕೇಳು," ಎನ್ನುತ್ತಾರೆ.

ಸುಂಕಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. "ನಮ್ಮ ಗುಡಿಸಲಾಗೆ ಬಚ್ಚಲೇ ಇಲ್ಲ ರೀ, ತಟ್ಟಿ ಮರೆಗೆ ಮಣ್ಣಿನಾಗೆ ನಿಂತು ನೀರು ಹುಯ್ಕಂತೀನಿ. ಒಡೆದ ಚಪ್ಪಡಿ ಎಲ್ಡು ಇದ್ರೆ ಕೊಡ್ರಿ. ನಡುವಿನ ಸಂದು ನಾನೇ ತುಂಬ್ಕಂತೀನಿ."