ಒಂದೇ ಮಾಳಿಗೆಯ ಕೆಳಗಿನ ಒಲೆಗಳು

ದೇವರು ಹೆದರಿಕೆ ಹಂಚುತ್ತಿದ್ದ ದಿನ ಹೊನವಾಡದ ಶೈಲಾ ಬಸ್ಸಿನಲ್ಲಿದ್ದಳೇನೋ, ಆಕೆಯ ಪಾಲಿಗೆ ಅದು ಬರಲೇ ಇಲ್ಲ. ಟಿಕೋಟಾ ದಾಟಿ ವಿಜಯಪುರ ಮುಟ್ಟುವಷ್ಟರಲ್ಲಿ ಕಂಡಕ್ಟರನ ಜೊತೆಗಾದರೂ ಒಂದು ವಾದ ಮುಗಿಸಿರುತ್ತಾಳೆ. ಅದೇ ಬಸ್ಸಿನಲ್ಲಿ ದಿನಾ ಬರುವ ನನಗೆ ಇದು ಚೆನ್ನಾಗಿ ಗೊತ್ತು.

ಒಂದು ಖಾಸಗಿ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಉಪಗ್ರಹ ತೆಗೆದ ಚಿತ್ರದಲ್ಲಿ ಕಟ್ಟಡಗಳ ಸುತ್ತ ಗೆರೆ ಎಳೆಯುವುದು ಆಕೆಯ ಕೆಲಸ. ಯಾವ ಓಣಿಯಲ್ಲಿ ಮನೆಗಳು ಎಷ್ಟು ದಟ್ಟವಾಗಿವೆ ಎಂದು ಅಂದಾಜು ಮಾಡಿ ಕೊಟ್ಟರೆ, ಅದನ್ನು ನೋಡಿ ಪಾಲಿಕೆಯವರು ಹೊಸ ನಳ ಕೊಡುತ್ತಾರೆ. ಕಚೇರಿಯ ನಿಯಮ ಸರಳ: ಒಂದು ಮಾಳಿಗೆ ಕಂಡರೆ ಒಂದು ಮನೆ, ಒಂದು ಮನೆಗೆ ಒಂದು ನಳ.

ಗೋಳಗುಮ್ಮಟದ ಹತ್ತಿರದ ಒಂದು ಓಣಿ ಈ ನಿಯಮಕ್ಕೆ ಬಗ್ಗಲಿಲ್ಲ. ಅಲ್ಲಿ ಮಾಳಿಗೆಗೆ ಮಾಳಿಗೆ ಕೂಡಿಕೊಂಡು, ಮೇಲಿನಿಂದ ಒಂದೇ ದೊಡ್ಡ ಗೋದಾಮು ಇದ್ದ ಹಾಗೆ ಕಾಣುತ್ತದೆ. ಕಂಪ್ಯೂಟರ್ ತಾನೇ ‘ಒಂದು’ ಎಂದು ಬರೆದುಬಿಟ್ಟಿತ್ತು. ಶೈಲಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಬೇಸಿಗೆಯ ಚಿತ್ರ. ಮಾಳಿಗೆಯ ತುಂಬ ಬಣ್ಣಬಣ್ಣದ ಸೀರೆ ಹಾಸಿ ಶಾವಿಗೆ ಒಣಹಾಕಿದ್ದರು. ಆಕೆ ‘ಹನ್ನೆರಡು’ ಎಂದು ತಿದ್ದಿದಳು.

“ಸೀರಿ ಎಣಿಸಿ ಮನಿ ಹೇಳ್ತಿಯೇನವ್ವಾ?” ಅಂದರು ಮೇಲಧಿಕಾರಿ ಗುರುಪಾದಯ್ಯ.

“ನಮ್ಮೂರಿಗೆ ಬಂದು ನೋಡ್ರಿ ಸರ್. ಅಣ್ಣತಮ್ಮಂದಿರ ಒಲಿ ಬ್ಯಾರೆ ಆದಕೂಡ್ಲೆ ಶಾವಿಗಿ ಒಣಗಸೂ ಸೀರಿನೂ ಬ್ಯಾರೆ ಆಕ್ಕಾವ. ಒಬ್ಬಾಕಿ ಸೀರಿಮ್ಯಾಲ ಇನ್ನೊಬ್ಬಾಕಿ ಒಂದು ಎಳಿನೂ ಹಾಕೂದಿಲ್ಲ.”

ನೋಡಿಯೇ ಬಿಡೋಣವೆಂದು ಇಬ್ಬರೂ ಓಣಿಗೆ ಹೋದರು. ಓಣಿಯ ಹಿರಿಯಳು ಬೀಬಿಜಾನ ಶಾವಿಗೆ ಮಷೀನಿನ ಹಿಡಿಕೆ ತಿರುವುತ್ತ ಕೂತಿದ್ದಳು.

“ಆಯಿ, ಮಾಳಿಗಿ ಮ್ಯಾಲಿನ ಸೀರಿ ಯಾರ್ಯಾರ ಮನಿವು?”

“ಎಲ್ಲಾ ನನ್ನ ಗಿರಾಕಿಗಳವು, ಬೇ. ಕೂಲಿಗೆ ಶಾವಿಗಿ ಮಾಡಿಕೊಡ್ತೇನಿ. ಅದಲಿಬದಲಿ ಆಗಬಾರ್ದಂತ ಹಿಟ್ಟಿನ ಜೋಡಿ ತಮ್ಮ ತಮ್ಮ ಸೀರಿನೂ ತರ್ತಾರ.”

ಗುರುಪಾದಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮುಗೀತಲ್ಲ? ಕಂಪ್ಯೂಟರ್ ಹೇಳಿದ್ದ ಖರೆ. ಒಂದು ಅಂತ ಹಾಕು.”

ಮರುದಿನ ಬಸ್ಸಿನಲ್ಲಿ ಈ ನಗೆಯ ಸುದ್ದಿ ಕೇಳಿಯೇ ನನಗೆ ಮೈ ಉರಿಯಿತು. ಶೈಲಾಳ ಲೆಕ್ಕ ತಪ್ಪಿದರೆ ಕಂಪ್ಯೂಟರಿನ ಲೆಕ್ಕ ಸರಿಯೆಂದು ಯಾರು ಹೇಳಿದರು? ಆಕೆಯ ಮುಖವೇನೋ ಸಪ್ಪಗಾಯಿತು, ಆದರೆ ಬಾಯಿ ಸಪ್ಪಗಾಗಲಿಲ್ಲ.

“ಸೀರಿ ಲೆಕ್ಕ ನಂದ ತಪ್ಪು ಸರ್. ಒಂದು ಅನ್ನೂದು ಅದಕ್ಕಿಂತ ದೊಡ್ಡ ತಪ್ಪು.”

ಹೇಳಿದವಳೇ ಬಾಗಿಲಿಂದ ಬಾಗಿಲಿಗೆ ಒಳಗೆ ಹೊಕ್ಕು, ಮನೆಯವರ ಹೆಸರು ಕೇಳಿಕೊಂಡು ಬಂದಳು. ಆ ಒಂದೇ ಮಾಳಿಗೆಯ ಕೆಳಗೆ ಐದು ಸಂಸಾರ, ಐದು ಒಲೆ. ಒಂದು ಎಂದು ಬರೆದರೆ ಐದೂ ಮನೆಗೆ ಒಂದೇ ನಳ ಎಂದು ತಿಳಿದಾಗ ಬೀಬಿಜಾನ ಮಷೀನು ನಿಲ್ಲಿಸಿ ಎದ್ದು ಬಂದಳು.

“ಈಗರ ಏನೈತ್ರಿ? ಇರೂ ಒಂದ ನಳಕ್ಕ ಬಡದಾಡಿ ಸಾಯಾಕತ್ತೇವಿ. ಒಂದ ಮನಿ ಆಗಬೇಕಂದ್ರ ಯಾವ ಒಲಿ ಆರಸ್ಲಿ? ನೀವ ಹೇಳ್ರಿ ಸಾಹೇಬ್ರ.”

“ಫೋಟೋದಾಗ ಒಲಿ ಕಾಣೂದಿಲ್ಲ, ಆಯಿ. ನಾ ಏನ ಮಾಡ್ಲಿ?”

“ಇಲ್ಲಿ ನಿಂತ್ರ ಕಾಣ್ತಾವಲ್ರಿ,” ಎಂದು ಶೈಲಾ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಒಳಗೆ ನೋಡಿ ಬಂದ ಗೋಡೆಗಳಿಗೆ ಸರಿಯಾಗಿ, ಆ ದೊಡ್ಡ ಮಾಳಿಗೆಯನ್ನು ಐದು ಭಾಗ ಮಾಡಿ ಗೆರೆ ಎಳೆದಳು.

“ಇದು ಪಾಸ್ ಆಗೂದಿಲ್ಲ. ಅಳಸು.”

“ನಾ ಅಳಸೂದಿಲ್ರಿ. ಕೆಲಸದಿಂದ ತಗೀತೀರಿ? ತಗೀರಿ. ಅಳಸೂದಾದ್ರ ನೀವ ಅಳಸ್ರಿ. ಇಲ್ಲೇ, ಇವರ ಮುಂದ.”

ಗುರುಪಾದಯ್ಯ ಸಿಟ್ಟಿನಿಂದ ಲ್ಯಾಪ್‌ಟಾಪ್ ಕಸಿದುಕೊಂಡು ಮೊದಲ ಭಾಗದ ಮೇಲೆ ಬೆರಳು ಒಯ್ದರು.

“ಅದು ಅಬೇದಾನ ಮನಿ,” ಅಂದಳು ಶೈಲಾ, ಓಣಿಗೆಲ್ಲ ಕೇಳುವಂತೆ.

ಕೈಗೆ ರೊಟ್ಟಿ ಹಿಟ್ಟು ಮೆತ್ತಿಕೊಂಡಿದ್ದ ಅಬೇದಾ ಬಾಗಿಲಿಗೆ ಬಂದಳು. “ನಮ್ಮನಿ ಯಾಕ ಅಳಸ್ತೀರಿ?”

ಅವರ ಬೆರಳು ಪಕ್ಕದ ಭಾಗಕ್ಕೆ ಸರಿಯಿತು.

“ಅದು ಮುನಾಫಂದು.”

“ನಂದೇನ ತಪ್ಪೈತ್ರಿ ಸಾಹೇಬ್ರ?” ಅಂದ ಮುನಾಫ, ಹೊಸ್ತಿಲಲ್ಲೇ ನಿಂತು.

ಗುರುಪಾದಯ್ಯ ಕೈ ಹಿಂದಕ್ಕೆ ತೆಗೆದುಕೊಂಡರು. ಕಚೇರಿಯ ಎಸಿಯಲ್ಲಿ ಕೂತು ಎಷ್ಟು ಮನೆ ಅಳಿಸಿದ್ದರೋ ಏನೋ, ಮನೆಯವರು ಎದುರು ನಿಂತಾಗ ಅಳಿಸುವುದು ಅವರಿಂದ ಆಗಲಿಲ್ಲ. ಲ್ಯಾಪ್‌ಟಾಪನ್ನು ಶೈಲಾಳ ತೊಡೆಯ ಮೇಲಿಟ್ಟರು.

“ಐದು ಅಂತ ಕಳಸು.”

“ಪರಿಶೀಲಿಸಿದವರು ಅನ್ನೂಕಡೆ ನನ್ನ ಹೆಸರ ಹಾಕ್ತೇನ್ರಿ. ಮ್ಯಾಲಿನವರು ಕೇಳಿದ್ರ ಬೈಗಳಾ ನಾನ ತಿಂತೇನಿ.”

“ಒಬ್ಬಾಕಿನ ಯಾಕ ತಿಂತಿ?” ಅಂದರು ಗುರುಪಾದಯ್ಯ. “ನನ್ನ ಹೆಸರೂ ಹಾಕು.”