ಅಕ್ಕನ ಬಾಗಿಲಿನ ಬೀಗ

ಅಕ್ಕನ ಮನೆಯ ಬಾಗಿಲಿಗೆ ಈಗ ನೇತಾಡುವ ಬೀಗ ತೀರ ಸಾಧಾರಣದ್ದು, ಬೀದಿ ಬದಿಯಲ್ಲಿ ರಾಶಿ ಹಾಕಿ ಮಾರುವಂಥದು. ತಮ್ಮ ಅದನ್ನು ಒಂದು ತಂತಿಯ ತುಂಡಿನಿಂದ ಅರ್ಧ ನಿಮಿಷದಲ್ಲಿ ತೆಗೆಯಬಲ್ಲ. ಮೂವತ್ತು ವರ್ಷದಿಂದ ಅವನಿಗೆ ಅದೇ ಕಸುಬು, ಬೀದಿಯವರಿಗೆ ಅವನು ಬೀಗದಣ್ಣ. ಆದರೂ ಏಳು ವರ್ಷ ಅವನು ಆ ಬೀಗವನ್ನು ಮುಟ್ಟಲಿಲ್ಲ.

ಮೊದಲು ಆ ಬಾಗಿಲಿಗಿದ್ದದ್ದು ಅವನೇ ಮಾಡಿದ ಬೀಗ. ಕಸುಬು ಕಲಿತ ಮೇಲೆ ಯಾರ ಸಹಾಯವೂ ಇಲ್ಲದೆ ಮಾಡಿದ ಮೊದಲನೆಯದು. ಅದಕ್ಕೆ ಎರಡೇ ಕೀ. ಒಂದು ಅಕ್ಕನ ಚೀಲದಲ್ಲಿ, ಇನ್ನೊಂದು ಅವನ ಗೊಂಚಲಿನಲ್ಲಿ.

ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತಳು. ಮದುವೆಯ ಮಾತು ಬಂದಾಗಲೆಲ್ಲ ಇವನೊಬ್ಬ ದೊಡ್ಡವನಾಗಲಿ ಎಂದಳು; ಇವನು ದೊಡ್ಡವನಾಗುವ ಹೊತ್ತಿಗೆ ಮಾತು ಬರುವುದೇ ನಿಂತುಹೋಗಿತ್ತು. ತಾಯಿ ಬಿಟ್ಟುಹೋದದ್ದು ಆ ಮನೆ, ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಅಂಗೈಯಗಲದ ಹಿತ್ತಾಳೆ ದೇವಿ. ಉಜ್ಜಿ ಉಜ್ಜಿ ದೇವಿಯ ಮೂಗು ಸವೆದಿತ್ತು. ಸಂಜೆ ಲಾಂಡ್ರಿಯಿಂದ ಬಂದವಳೇ ಅಕ್ಕ ಚೀಲ ಇಳಿಸುವ ಮೊದಲು ದೇವಿಯನ್ನಿಟ್ಟಿದ್ದ ಗೋಡೆಗೂಡಿನ ಮುಂದೆ ನಿಂತು, ಒಂದು ಕೈಯಿಂದ ಮೂರ್ತಿಯನ್ನು ಮುಟ್ಟಿಕೊಂಡು, ಆ ದಿನದ ವರದಿ ಒಪ್ಪಿಸುತ್ತಿದ್ದಳು. ಯಾರದೋ ಅಂಗಿಯ ಕಾಲರು ಸುಟ್ಟದ್ದು, ಲಾಂಡ್ರಿಯ ಮಾಲೀಕ ಬೈದದ್ದು, ಸೊಂಟ ನೋವು. ಅದಕ್ಕೆ ಪ್ರಾರ್ಥನೆ ಎನ್ನುವ ಹೆಸರು ಒಪ್ಪುತ್ತಿರಲಿಲ್ಲ. ಅದು ಮನೆಯ ಹಿರಿಯಳೊಬ್ಬಳಿಗೆ ಹೇಳಿಕೊಳ್ಳುವ ಮಾತಿನಂತಿರುತ್ತಿತ್ತು. ಮುಂದೆ ಆ ವರದಿಯಲ್ಲಿ ತಮ್ಮನ ಕುಡಿತವೂ ಸೇರಿಕೊಂಡಿತು.

ಕುಡಿತ ಅವನ ಮದುವೆಯನ್ನು ತಿಂದಿತು. ಹೆಂಡತಿ ಬಿಟ್ಟುಹೋದಳು. ಅಂಗಡಿಯ ಹಿಂದಿನ ಕೋಣೆಯೇ ಅವನ ಮನೆಯಾಯಿತು, ಮಧ್ಯಾಹ್ನದ ಊಟ ಮಾತ್ರ ಅಕ್ಕನಲ್ಲಿ. ಅಂಥ ದಿನಗಳಲ್ಲಿ ಅವನನ್ನು ಎತ್ತಿ ಕೂರಿಸಿದವರು ನಿವೃತ್ತ ಬಸ್ ಡ್ರೈವರೊಬ್ಬರು. ಟೈರಿನ ಅಂಗಡಿಯ ಮಹಡಿಯಲ್ಲಿ ಅವರು ಕ್ರೈಸ್ತ ಪ್ರಾರ್ಥನಾ ಕೂಟ ನಡೆಸುತ್ತಿದ್ದರು. ಎಲ್ಲರಿಗೂ ಅವರು ಬ್ರದರ್. ಅವನ ಜೊತೆ ನಲವತ್ತು ದಿನ ಉಪವಾಸ ಕೂತರು, ನಡುಗುವ ಅವನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಕುಡಿತ ನಿಂತಿತು. ಅಕ್ಕನಿಗೆ ಅದರಲ್ಲಿ ತಕರಾರೇನೂ ಇರಲಿಲ್ಲ.

“ಯಾವ ದೇವರು ಬಿಡಿಸಿದ್ರೂ ನನಗೆ ಒಂದೇ ಕಣೋ,” ಎಂದಿದ್ದಳು. “ನಿಮ್ಮ ಕರ್ತನೇನಾದ್ರೂ ಈ ಕಡೆ ಬಂದ್ರೆ ಒಂದು ಲೋಟ ಕಾಫಿ ಕೊಟ್ಟೇ ಕಳಿಸ್ತೀನಿ.”

ಕೂಟದಲ್ಲಿ ಯುದ್ಧದ ಮಾತು ಹೆಚ್ಚು. ವೈರಿಗೆ ಸೈನ್ಯವಿದೆ, ಸೈನ್ಯದಲ್ಲಿ ಮೇಲುಕೀಳಿನ ಅಧಿಕಾರಿಗಳಿದ್ದಾರೆ, ದೇವಿಯರ ಹೆಸರುಗಳ ಹಿಂದೆಲ್ಲ ಊರನ್ನು ಆಳುವ ಒಬ್ಬಳೇ ರಾಣಿ ಅಡಗಿದ್ದಾಳೆ, ಮೂರ್ತಿ ಎಂದರೆ ಆ ರಾಣಿ ಮನೆಗೆ ನುಗ್ಗುವ ಬಾಗಿಲು ಎಂದು ಬ್ರದರ್ ಹೇಳುತ್ತಿದ್ದರು. ಬಾಗಿಲಿನ ಮಾತು ಬೀಗದವನ ಎದೆಗೆ ನೇರವಾಗಿ ಇಳಿಯಿತು. ಕರೆದವರ ಮನೆಗಳಿಗೆ ಕೂಟದವರು ಗುಂಪಾಗಿ ಹೋಗುತ್ತಿದ್ದರು. ಕೋಣೆಕೋಣೆಯಲ್ಲಿ ಪ್ರಾರ್ಥಿಸಿ, ಬಾಗಿಲುವಾಡಗಳಿಗೆ ಎಣ್ಣೆ ಹಚ್ಚಿ, ಮೂರ್ತಿಗಳನ್ನು ತೆಗೆಸುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಬ್ರದರ್ ಬಲು ಕಟ್ಟುನಿಟ್ಟು. ಮೂರ್ತಿಯನ್ನು ಮನೆಯವರೇ ಕೈಯಾರೆ ತೆಗೆದುಕೊಡಬೇಕು, ಹೊರಗಿನವರು ಮುಟ್ಟಬಾರದು.

ಮೂರು ವರ್ಷ ಕುಡಿಯದೆ ಇದ್ದವನು ಒಂದು ಮಧ್ಯಾಹ್ನ ಕುಡಿದ. ಬಿಟ್ಟುಹೋದ ಹೆಂಡತಿ ಮತ್ತೆ ಮದುವೆಯಾದಳು ಎಂಬ ಸುದ್ದಿ ಬಂದ ದಿನ ಅದು. ಎಲ್ಲಿ ಬಾಗಿಲು ತೆರೆದಿದೆ, ಯೋಚಿಸಿ ನೋಡು ಎಂದು ಬ್ರದರ್ ಕೇಳಿದರು. ಸುದ್ದಿಯನ್ನು ಹೇಳಲು ಅವನಿಗೆ ನಾಚಿಕೆಯಾಯಿತು. ಅಕ್ಕನ ಮನೆಯ ಗೂಡನ್ನು ಹೇಳಿದ. ದಿನಾ ಅದರ ಎದುರಿಗೇ ಕೂತು ಉಣ್ಣುತ್ತೇನೆ ಎಂದ. ಹೇಳಿದ ಮೇಲೆ ಅವನಿಗೇ ಅದು ನಿಜವೆನಿಸಿತು.

ಮರುವಾರ ಅಕ್ಕನನ್ನು ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಸೇರಿಸಿದ. ಸಕ್ಕರೆ ಕಾಯಿಲೆ ಇದ್ದದ್ದರಿಂದ ಎರಡು ದಿನ ಉಳಿಸಿಕೊಂಡರು. ಎರಡನೇ ದಿನ ಮಧ್ಯಾಹ್ನ ಅವನು ತನ್ನ ಕೀಯಿಂದ ಬಾಗಿಲು ತೆಗೆದ. ತಾಯಿಯ ಮನೆ, ತಾಯಿಯ ವಸ್ತು, ಅಂದ ಮೇಲೆ ನಾನೂ ಮನೆಯವನೇ ತಾನೆ ಎಂದು ಲೆಕ್ಕ ಹಾಕಿದ್ದ. ಬಾಗಿಲುವಾಡಕ್ಕೆ ಎಣ್ಣೆ ಹಚ್ಚಿದ. ಮೂರ್ತಿಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಡಿಗೆ ತಂದು, ಮೇಜಿನ ವೈಸಿನ ಇಕ್ಕಳಕ್ಕೆ ಸಿಕ್ಕಿಸಿ, ಗರಗಸ ಇಟ್ಟ. ಹಿತ್ತಾಳೆ ಗರಗಸಕ್ಕೆ ಸುಲಭವಾಗಿ ಸಿಗುವ ಲೋಹ. ನಾಲ್ಕು ತುಂಡುಗಳು, ಒಂದು ಹಿಡಿ ಹೊಂಬಣ್ಣದ ಪುಡಿ. ಎಲ್ಲವನ್ನೂ ಕೆಟ್ಟ ಕೀಗಳ ಚೀಲಕ್ಕೆ ಸುರಿದ. ಸಂಜೆ ಗುಜರಿಯವನು ಬಂದು ಚೀಲ ಹೊತ್ತುಕೊಂಡು ಹೋದ. ಭಾನುವಾರ ಕೂಟದಲ್ಲಿ ಎದ್ದು ನಿಂತು, ಅಕ್ಕನ ಮನೆಯಿಂದ ಮೂರ್ತಿ ಹೋಯಿತು ಎಂದಷ್ಟೇ ಸಾಕ್ಷಿ ಹೇಳಿದ. ಇಡೀ ಕೋಣೆ ಸ್ತೋತ್ರ ಎಂದಿತು. ಅಷ್ಟು ಜನ ಅವನ ಬಗ್ಗೆ ಸಂತೋಷಪಟ್ಟದ್ದು ಅವನ ಬದುಕಿನಲ್ಲಿ ಅದೊಂದೇ ಸಲ.

ಆ ಸಾಕ್ಷಿಗೆ ಎರಡು ದಿನ ಮೊದಲೇ ಅಕ್ಕ ಮನೆಗೆ ಬಂದಿದ್ದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮಂಜು. ತಮ್ಮನೇ ಕೈಹಿಡಿದು ಕರೆತಂದ. ಅವಳು ನೇರ ಗೂಡಿನ ಮುಂದೆ ನಿಂತಳು. ಆಪರೇಷನ್ ಆಯ್ತು, ಅಂಥಾ ನೋವೇನಿಲ್ಲ, ಇವನು ಎರಡು ದಿನಾನೂ ಬಂದು ನೋಡ್ಕೊಂಡ ಎಂದು ವರದಿ ಶುರುಮಾಡಿ ಕೈ ಚಾಚಿದಳು. ಕೈ ಗೂಡಿನ ಗೋಡೆಗೆ ತಾಗಿತು. ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು.

“ತಮ್ಮಾ, ಇಲ್ಲಿದ್ದವಳು ಎಲ್ಲೋ?”

ಅವನು ಸಿದ್ಧಮಾಡಿಕೊಂಡಿದ್ದ ಮಾತುಗಳನ್ನೆಲ್ಲ ಹೇಳಿದ. ವೈರಿ, ರಾಣಿ, ಬಾಗಿಲು, ಬಿಡುಗಡೆ. ಅಕ್ಕ ಗೂಡಿನೊಳಗಿಂದ ಕೈ ತೆಗೆಯದೆ ಕೇಳಿಸಿಕೊಂಡಳು.

“ನಾನಿಲ್ಲದಾಗ ಬಂದ್ಯಾ?”

“ಕೀ ಇತ್ತಲ್ಲಕ್ಕ.”

“ಕೇಳಿದ್ರೆ ಏನು ಹೇಳ್ತೀನಿ ಅಂತ ನಿನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.” ಆಮೇಲೆ ಅಂದಳು, “ಕೀ ಅಲ್ಲಿಟ್ಟು ಹೋಗು.”

ವಾರದೊಳಗೆ ಬಾಗಿಲಿಗೆ ಆ ಬೀದಿಬದಿಯ ಬೀಗ ಬಂತು.

ನಡೆದದ್ದನ್ನು ಬ್ರದರ್ ಆಮೇಲೆ ಪೂರ್ತಿ ಕೇಳಿಸಿಕೊಂಡರು. ಮನೆಯವರು ಕೊಡದ್ದನ್ನು ನಾವು ಗೆಲುವು ಅಂತ ಹಾಡಿಬಿಟ್ಟೆವಲ್ಲ ಎಂದರು. ಹೋಗಿ ಕ್ಷಮೆ ಕೇಳು ಎಂದರು. ಕೇಳಿದ. ಅಕ್ಕ ಕಿಟಕಿಯಾಚೆ ನಿಂತು ಆಯ್ತು ಎಂದಳು, ಕುಡಿತಿಲ್ಲ ತಾನೆ ಎಂದು ವಿಚಾರಿಸಿದಳು, ಊಟದ ಡಬ್ಬಿಯನ್ನೂ ಕಿಟಕಿಯಿಂದಲೇ ಕೊಟ್ಟಳು. ಏಳು ವರ್ಷ ಡಬ್ಬಿ ಕಿಟಕಿಯಿಂದಲೇ ಬಂತು. ಗುಜರಿಯವನ ಚೀಲ ಎಂದೋ ಕುಲುಮೆ ಸೇರಿತ್ತು. ಅಲ್ಲಿಂದ ಹಲ್ಲು ಕೊರೆಯದ ಖಾಲಿ ಹಿತ್ತಾಳೆ ಕೀಗಳ ಕಟ್ಟು ತಿಂಗಳಿಗೊಮ್ಮೆ ಅಂಗಡಿಗೆ ಬರುತ್ತದೆ. ಕಟ್ಟು ಬಿಚ್ಚುವಾಗ ಅವನು ಒಂದು ಕ್ಷಣ ತಡೆಯುತ್ತಾನೆ. ಕೂಟಕ್ಕೆ ಇವತ್ತಿಗೂ ಹೋಗುತ್ತಾನೆ, ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಸಾಕ್ಷಿ ಹೇಳಲು ಕರೆದರೆ ಏಳುವುದಿಲ್ಲ.

ಕಳೆದ ತಿಂಗಳು ಅಕ್ಕನೇ ಅಂಗಡಿಗೆ ಬಂದಳು. ಕೈಯಲ್ಲಿ ಮುರಿದ ಕೀಯ ಹಿಡಿ.

“ಅರ್ಧ ಬೀಗದೊಳಗೇ ಇದೆ. ಆ ಕಡೆ ಬೀದಿಯ ಬೀಗದವನು ಊರಲ್ಲಿಲ್ಲವಂತೆ, ಅದಕ್ಕೆ ಬಂದೆ,” ಎಂದಳು.

ಅವನು ತಂತಿ, ಇಕ್ಕಳ ಹಿಡಿದು ಅವಳ ಹಿಂದೆ ಮನೆಗೆ ಹೋದ. ಅರ್ಧ ನಿಮಿಷದ ಕೆಲಸ. ಅವನು ಕಾಲು ಗಂಟೆ ಮಾಡಿದ. ಅಕ್ಕ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

“ಕೈ ಅಷ್ಟು ಮೊಂಡಾಯ್ತೇನೋ?”

“ತುಕ್ಕು ಹಿಡಿದಿದೆ ಅಕ್ಕ.”

ಬಾಗಿಲು ತೆರೆದಾಗ ಹೊಸ್ತಿಲಾಚೆಯಿಂದಲೇ ಗೂಡು ಕಂಡಿತು. ಹೊಸ ಮೂರ್ತಿ ತಂದಿರಲಿಲ್ಲ. ದೀಪದ ಮಸಿಯ ನಡುವೆ, ಮೂರ್ತಿ ನಿಂತಿದ್ದ ಜಾಗ ಮಾತ್ರ ಬೆಳ್ಳಗೆ ಹಾಗೇ ಇತ್ತು.

“ಅಕ್ಕಾ, ಅವತ್ತು ನಾನು ಕುಡಿದದ್ದು ಅವಳ ಮದುವೆ ಸುದ್ದಿ ಕೇಳಿ. ನಿನ್ನ ದೇವಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ.”

“ಆ ಸುದ್ದಿ ನನಗೂ ಬಂದಿತ್ತು. ಅವತ್ತು ಸಂಜೆ ದೇವಿಗೆ ಹೇಳಿದ್ದೆ, ಇವನು ಎಡವದ ಹಾಗೆ ನೋಡ್ಕೋ ಅಂತ.” ಅವಳು ಮೊಣಕಾಲು ಹಿಡಿದು ಎದ್ದಳು. “ಈಗ ಹೇಳೋಕೆ ಯಾರೂ ಇಲ್ಲ. ಬಂದವಳು ಸುಮ್ನೆ ಚೀಲ ಇಳಿಸ್ತೀನಿ.”

ಒಳಗೆ ಬಾ ಎನ್ನಲಿಲ್ಲ. ಅವನು ಕೀಯ ಎರಡು ತುಂಡುಗಳನ್ನು ಅಂಗಡಿಗೆ ಒಯ್ದು, ಕಟ್ಟಿನಿಂದ ಖಾಲಿ ಕೀ ತೆಗೆದು, ಅದೇ ವೈಸಿಗೆ ಸಿಕ್ಕಿಸಿ ಅರದಿಂದ ಹಲ್ಲು ಕೊರೆಯತೊಡಗಿದ. ಮುಗಿದಾಗ ನೋಡಿದರೆ ಎರಡು ಕೀ ಮಾಡಿದ್ದ.

ಮರುದಿನ ಬೆಳಿಗ್ಗೆ ಅಕ್ಕ ಅಂಗಡಿಗೆ ಬಂದಳು. ಅವನು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. ಅವಳು ಒಂದನ್ನು ಎತ್ತಿಕೊಂಡಳು. ಇನ್ನೊಂದನ್ನು ಬೆರಳಿನಿಂದ ಸ್ವಲ್ಪ ಹೊತ್ತು ಮುಟ್ಟಿದಳು. ಆಮೇಲೆ ಅದನ್ನೂ ಚೀಲಕ್ಕೆ ಹಾಕಿಕೊಂಡು, ಊಟದ ಡಬ್ಬಿಯನ್ನು ಅಲ್ಲಿಟ್ಟು ಹೋದಳು.